ಕೊನೆಯ ಎರಡು ಮೈಲು

ಸಹಕಾರ ಸಂಘಗಳ ಮಹಾಸಭೆಗಳಲ್ಲಿ ಆಗಾಗ ಏಳುವ ಪ್ರಶ್ನೆಯೊಂದಿದೆ. ಚಿಕ್ಕ ಸಂಸ್ಥೆಯೊಂದು ತನ್ನಷ್ಟಕ್ಕೆ ತಾನು ಚೆನ್ನಾಗಿ ನಡೆಯುತ್ತಿದ್ದರೆ ಅದು ದೊಡ್ಡ ಜಾಲವೊಂದಕ್ಕೆ ತನ್ನನ್ನು ಜೋಡಿಸಿಕೊಳ್ಳುವುದು ಒಳ್ಳೆಯದೇ? ಜೋಡಿಸಿಕೊಂಡರೆ ಖರ್ಚು, ಕಾಯಿದೆ, ತಪಾಸಣೆ ಎಲ್ಲ ಬೆನ್ನಿಗೆ ಬೀಳುತ್ತವೆ. ಜೋಡಿಸಿಕೊಳ್ಳದಿದ್ದರೆ ಊರ ಗಡಿಯೇ ನಮ್ಮ ಲೋಕದ ಗಡಿಯಾಗುತ್ತದೆ. ಈ ಪ್ರಶ್ನೆಗೆ ಅಡಿಕೆ, ಕಾಫಿಗಳ ಧಾರಣೆ ಪಟ್ಟಿಯಲ್ಲಿ ಉತ್ತರ ಹುಡುಕಿ ಸಾಕಾಗಿದೆ. ಈ ಸಲ ಸದಸ್ಯ ಬಾಂಧವರು ಅಪ್ಪಣೆ ಕೊಟ್ಟರೆ ಬೇರೊಂದು ಕಡೆಯಿಂದ ನೋಡೋಣ. ಅದು ದೂರದ ಇಂಗ್ಲೆಂಡಿನ ವಿಷಯ; ಹೊಗೆಬಂಡಿಯ ವಿಷಯ. ಆದರೆ ಅದರಲ್ಲಿ ಷೇರುದಾರರಿದ್ದಾರೆ, ಶ್ರಮದಾನವಿದೆ, ಕೈತಪ್ಪಿದ ಜಮೀನಿದೆ. ಆದ್ದರಿಂದ ನಮಗೆ ಅಷ್ಟೇನೂ ಪರಕೀಯವಲ್ಲ.

ಲಂಡನ್ನಿನ ದಕ್ಷಿಣಕ್ಕೆ ಸಸೆಕ್ಸ್ ಎಂಬ ಸೀಮೆಯಲ್ಲಿ ಬ್ಲೂಬೆಲ್ ರೈಲ್ವೆ ಎಂಬ 11 ಮೈಲು ಉದ್ದದ ಮಾರ್ಗವಿದೆ. ವಸಂತದಲ್ಲಿ ಹಳಿಯ ಅಕ್ಕಪಕ್ಕದ ಕಾಡಿನಲ್ಲಿ ಅರಳುವ ನೀಲಿ ಹೂವಿನಿಂದ ಆ ಹೆಸರು. ಇದು ಸರಕಾರದ ರೈಲಲ್ಲ. ಇದರ ಒಡೆತನ ಸದಸ್ಯರದು, ಷೇರುದಾರರದು. ಟಿಕೆಟು ಕೊಡುವವರು, ಸಿಗ್ನಲ್ ಎಳೆಯುವವರು, ಹಳಿಯ ಪಕ್ಕದ ಕಳೆ ಸವರುವವರು, ಎಂಜಿನ್ನಿಗೆ ಕಲ್ಲಿದ್ದಲು ಹಾಕುವವರು ಇವರಲ್ಲಿ ಬಹುಮಂದಿ ಸಂಬಳವಿಲ್ಲದೆ ದುಡಿಯುವವರು. ಕೆಲಸಕ್ಕೆ ತಕ್ಕಷ್ಟು ಸಂಬಳದ ನೌಕರರೂ ಇದ್ದಾರೆ. ಇಂಥ ಸಂಸ್ಥೆಗಳಿಗೆ ದಾರಿ ತೋರಿಸಿದ್ದು 1951ರಲ್ಲಿ ವೇಲ್ಸಿನ ಟಾಲಿಲಿನ್ ಎಂಬ ಪುಟ್ಟ ಗುಡ್ಡಗಾಡು ರೈಲು. ಮುಚ್ಚಿಹೋಗಲಿದ್ದ ಅದನ್ನು ಸ್ವಯಂಸೇವಕರು ಕೈಗೆತ್ತಿಕೊಂಡು ನಡೆಸಿ ತೋರಿಸಿದರು.

ಬ್ಲೂಬೆಲ್ ಮಾರ್ಗದ ಹುಟ್ಟು 1882. ಲ್ಯೂಯಿಸ್ ಪಟ್ಟಣದಿಂದ ಈಸ್ಟ್ ಗ್ರಿನ್‌ಸ್ಟೆಡ್ ಪಟ್ಟಣಕ್ಕೆ ಹಾಕಿದ ಹಳಿ ಅದು. 1955ರಲ್ಲಿ, ನಷ್ಟವಾಗುತ್ತದೆ ಎಂದು ಬ್ರಿಟಿಷ್ ರೈಲ್ವೆಯವರು ಅದನ್ನು ಮುಚ್ಚಿದರು. ಆ ಭಾಗದ ಮ್ಯಾಜ್ ಬೆಸಿಮರ್ ಎಂಬ ಹೆಂಗಸು ಹಳೆಯ ಕಾಯಿದೆಗಳನ್ನು ತೆಗೆದು ಓದಿದರು. 1877, 1878ರ ಆ ಕಾಯಿದೆಗಳಲ್ಲಿ ದಿನಕ್ಕೆ ಇಂತಿಷ್ಟು ಗಾಡಿ ಓಡಿಸಲೇಬೇಕೆಂಬ ಕಟ್ಟಳೆಯಿತ್ತು! ಪಾರ್ಲಿಮೆಂಟಿನ ಕಾಯಿದೆಯನ್ನು ಪಾರ್ಲಿಮೆಂಟೇ ತೆಗೆಯಬೇಕಲ್ಲದೆ ರೈಲ್ವೆ ಇಲಾಖೆಯ ಆಜ್ಞೆಯಿಂದ ಅಳಿಸಲಾಗದು. ಹೀಗಾಗಿ 1956ರ ಆಗಸ್ಟ್ 7ರಂದು ಗಾಡಿಗಳು ಮತ್ತೆ ಓಡಬೇಕಾಯಿತು. ಇಲಾಖೆಯವರು ಮನಸ್ಸಿಲ್ಲದ ಮನಸ್ಸಿನಿಂದ ದಿನಕ್ಕೆ ನಾಲ್ಕು ಗಾಡಿ, ಅದೂ ಜನಕ್ಕೆ ಒದಗದ ಹೊತ್ತಿನಲ್ಲಿ, ಓಡಿಸಿದರು. ಹಳೆಯ ಕಾಯಿದೆಯಲ್ಲಿ ಹೆಸರಿಲ್ಲದ ನಿಲ್ದಾಣಗಳಲ್ಲಿ ಗಾಡಿ ನಿಲ್ಲುತ್ತಲೂ ಇರಲಿಲ್ಲವಂತೆ. ಜನ ಅದಕ್ಕೆ ‘ಮುನಿಸಿನ ಗಾಡಿ’ ಎಂಬರ್ಥದ ಹೆಸರಿಟ್ಟರು. ಕೊನೆಗೆ ಕಾಯಿದೆಯ ಆ ಕಟ್ಟಳೆಯನ್ನೇ ತೆಗೆಸಿ 1958ರ ಮಾರ್ಚ್‌ನಲ್ಲಿ ಶಾಶ್ವತವಾಗಿ ಮುಚ್ಚಿದರು. ಮರುವರ್ಷ ಮಾರ್ಚ್‌ನಲ್ಲಿ ಸ್ವಯಂಸೇವಕರ ಸಂಘ ಹುಟ್ಟಿತು. 1960ರ ಆಗಸ್ಟ್ 7ರಂದು ಶೆಫೀಲ್ಡ್ ಪಾರ್ಕ್ ನಿಲ್ದಾಣದಿಂದ ಅವರ ಮೊದಲ ಗಾಡಿ ಹೊರಟಿತು.

ಇಷ್ಟು ಪೂರ್ವಕಥೆ. ನಮಗೆ ಬೇಕಾದದ್ದು ಇನ್ನು ಮುಂದಿದೆ.

ಆರಂಭದಲ್ಲಿ ಅವರಿಗೆ ದೇಶದ ರೈಲು ಜಾಲದ ನಂಟು ಇತ್ತು. ಮಾರ್ಗದ ನಡುವಿನ ಹಾರ್ಸ್ಟೆಡ್ ಕೀನ್ಸ್ ನಿಲ್ದಾಣಕ್ಕೆ ಪಶ್ಚಿಮದ ಆರ್ಡಿಂಗ್ಲಿ ಕಡೆಯಿಂದ ಸರಕಾರಿ ರೈಲಿನ ಕವಲೊಂದು ಬರುತ್ತಿತ್ತು. ಕೊಂಡ ಎಂಜಿನ್ನುಗಳು, ಬೋಗಿಗಳು ಆ ಹಳಿಯ ಮೇಲೆಯೇ ಉರುಳಿಕೊಂಡು ಬಂದು ಸೇರುತ್ತಿದ್ದವು. 1963ರ ಅಕ್ಟೋಬರ್‌ನಲ್ಲಿ ಆ ಕವಲಿನ ಪ್ರಯಾಣಿಕರ ಗಾಡಿಯೂ ನಿಂತಿತು, ಬಳಿಕ ಹಳಿಯೂ ಹೋಯಿತು. ಉತ್ತರಕ್ಕೆ ಈಸ್ಟ್ ಗ್ರಿನ್‌ಸ್ಟೆಡ್ ಕಡೆಯ ಹಳಿಗೂ ಅದೇ ಗತಿಯಾಯಿತು. ಅಲ್ಲಿಂದ ಮುಂದೆ ಈ ಪುಟ್ಟ ರೈಲು ಎರಡು ಕೊನೆಗಳನ್ನೂ ಕತ್ತರಿಸಿದ ಹಗ್ಗದಂತೆ ಬಿದ್ದಿತ್ತು. ಒಂದು ಎಂಜಿನ್ ಬೇಕೆಂದರೆ ಅದನ್ನು ದೊಡ್ಡ ಲಾರಿಯ ಮೇಲೆ ಹೇರಿ, ಹಳ್ಳಿ ರಸ್ತೆಯ ತಿರುವುಗಳಲ್ಲಿ ಉಸಿರು ಬಿಗಿಹಿಡಿದು ತರಬೇಕು. ರೈಲನ್ನು ಲಾರಿಯ ಮೇಲೆ ಹೊರುವುದೆಂದರೆ ಎತ್ತನ್ನು ಗಾಡಿಯ ಮೇಲೆ ಕೂರಿಸಿ ಎಳೆದಂತೆ. ಪ್ರಯಾಣಿಕರೂ ಅಷ್ಟೆ; ರೈಲು ನೋಡಲು ಕಾರಿನಲ್ಲಿ ಬರಬೇಕು.

ಐದು ಮೈಲು ಹಳಿಯಿದೆ, ಹಳೆಯ ಎಂಜಿನ್ನುಗಳಿವೆ, ರಜಾದಿನಗಳಲ್ಲಿ ಜನ ಬರುತ್ತಾರೆ, ಇಷ್ಟಕ್ಕೇ ಸುಮ್ಮನಿರಬಹುದಿತ್ತು. ಲೆಕ್ಕ ಬಲ್ಲವನು ಹಾಗೆಯೇ ಸಲಹೆ ಕೊಡುತ್ತಿದ್ದ. ಬಾಯ್ಲರು ಹತ್ತು ವರ್ಷಕ್ಕೊಮ್ಮೆ ಪೂರ್ತಿ ಬಿಚ್ಚಿ ಕಟ್ಟಬೇಕು, ಅದಕ್ಕೇ ಹಣ ಸಾಲದು. ಇನ್ನು ಹಳಿ ಬೆಳೆಸುವುದೆಲ್ಲಿಂದ? ಆದರೂ ಅವರು ಉತ್ತರ ದಿಕ್ಕಿನತ್ತ ನೋಡತೊಡಗಿದರು. ಈಸ್ಟ್ ಗ್ರಿನ್‌ಸ್ಟೆಡ್‌ನಲ್ಲಿ ಲಂಡನ್ನಿನಿಂದ ಬರುವ ಸರಕಾರಿ ಮಾರ್ಗ ಉಳಿದಿತ್ತು. ಅಲ್ಲಿಗೆ ತಲುಪಿದರೆ ದೇಶದ ಯಾವ ಮೂಲೆಗೂ ತಲುಪಿದಂತೆಯೇ.

ಆದರೆ ನಡುವಿನ ಜಾಗ ಯಾರದು? ಹಳಿ ಕಿತ್ತ ಮೇಲೆ ರೈಲ್ವೆಯವರು ಭೂಮಿಯನ್ನು ತುಂಡು ತುಂಡಾಗಿ ವಿಲೇವಾರಿ ಮಾಡಿದ್ದರು. ಹೊಲದವರು ಹೊಲಕ್ಕೆ ಸೇರಿಸಿಕೊಂಡಿದ್ದರು. ಒಂದೊಂದು ತುಂಡಿಗೂ ಒಬ್ಬೊಬ್ಬ ಒಡೆಯನ ಬಾಗಿಲು ತಟ್ಟಬೇಕು. ಇವರು 1974ರಲ್ಲಿ ವೆಸ್ಟ್ ಹೋತ್ಲಿ ನಿಲ್ದಾಣವಿದ್ದ ಜಾಗವನ್ನು ಕೊಂಡರು. ಕಟ್ಟಡವಿಲ್ಲ, ಹಳಿಯಿಲ್ಲ, ಸುತ್ತ ಪೊದೆ. ಮುಂದೆ ಎಂದಾದರೂ ಬೇಕಾದೀತೆಂಬ ನಂಬಿಕೆಯೊಂದೇ. ಹಳಿ ಹಾಕಲು ಸರಕಾರದ ಒಪ್ಪಿಗೆ ಸಿಕ್ಕಿದ್ದು ಸಾರ್ವಜನಿಕ ವಿಚಾರಣೆ ನಡೆದ ಬಳಿಕ 1985ರಲ್ಲಿ. ನಡುವೆ 731 ಗಜದ ಸುರಂಗ. ಅದನ್ನು ದಾಟಿ ಕಿಂಗ್ಸ್‌ಕೋಟ್ ನಿಲ್ದಾಣ ಮುಟ್ಟಿದ್ದು 1994ರ ಏಪ್ರಿಲ್‌ನಲ್ಲಿ. ಕಿಂಗ್ಸ್‌ಕೋಟ್‌ಗೆ ಕಾರಿನಲ್ಲಿ ಬರುವವರಿಗೆ ನಿಲ್ಲಿಸಲು ಜಾಗ ಕೊಡಬಾರದೆಂಬ ಕಟ್ಟುಪಾಡು ಬೇರೆ ಇತ್ತು. ಪಟ್ಟಣದಿಂದ ಬಸ್ಸಿನಲ್ಲಿ ಜನರನ್ನು ಕರೆತಂದು ರೈಲು ಹತ್ತಿಸಿದರು.

ಕಿಂಗ್ಸ್‌ಕೋಟ್‌ನಿಂದ ಈಸ್ಟ್ ಗ್ರಿನ್‌ಸ್ಟೆಡ್‌ಗೆ ಉಳಿದದ್ದು ಸುಮಾರು 2 ಮೈಲು. ನಮ್ಮವರಾದರೆ ಒಂದು ಎಲೆಯಡಿಕೆ ಜಗಿದು ಮುಗಿಯುವಷ್ಟರಲ್ಲಿ ನಡೆದು ತಲುಪುತ್ತೇವೆ ಎನ್ನುತ್ತಾರೆ. ಆ 2 ಮೈಲಿಗೆ ಹಿಡಿದ ಕಾಲ 19 ವರ್ಷ.

ಕಾರಣ ಕೇಳಿದರೆ ನಗಬೇಕೋ ಅಳಬೇಕೋ ತಿಳಿಯದು. ಆ ದಾರಿಯಲ್ಲಿ ಇಂಬರ್‌ಹಾರ್ನ್ ಎಂಬಲ್ಲಿ ಗುಡ್ಡ ಕಡಿದು ಮಾಡಿದ ಆಳವಾದ ಓಣಿಯಿತ್ತು. ಹಳಿ ಹೋದ ಮೇಲೆ ಅಲ್ಲಿನ ಆಡಳಿತದವರಿಗೆ ಅದು ಸಿದ್ಧವಾದ ತಿಪ್ಪೆಗುಂಡಿಯಾಗಿ ಕಂಡಿತು. ಊರಿನ ಮನೆಗಳ ಕಸವನ್ನೆಲ್ಲ ತಂದು ಸುರಿದು, ತುಂಬಿದ ಮೇಲೆ ಮೇಲ್ಗಡೆ ಜೇಡಿಮಣ್ಣು ಮುಚ್ಚಿದರು. ರೈಲು ಹೋಗುತ್ತಿದ್ದ ಓಣಿ ಗುಡ್ಡಕ್ಕೆ ಸಮವಾಯಿತು. ಮುಂದೆ ಎಂದಾದರೂ ಯಾರಿಗಾದರೂ ಈ ದಾರಿ ಬೇಕಾದೀತೆ ಎಂದು ಒಬ್ಬರೂ ಯೋಚಿಸಿದಂತಿಲ್ಲ. ಓಣಿಯ ಆಚೆಗೆ 10 ಕಮಾನುಗಳ ಎತ್ತರದ ಸೇತುವೆ ಮಾತ್ರ ಗಟ್ಟಿಯಾಗಿ ನಿಂತಿತ್ತು. 1992ರಲ್ಲಿ ಅದು ಇವರ ಕೈಗೆ ಬಂತು. ಸೇತುವೆಯಿದೆ, ಅದಕ್ಕೆ ಹೋಗುವ ದಾರಿಯಲ್ಲಿ ಕಸದ ಬೆಟ್ಟ!

2008ರ ನವೆಂಬರ್‌ನಲ್ಲಿ ಅಗೆಯುವುದು ಶುರುವಾಯಿತು. ಅಗೆದ ಕಸವನ್ನು ಎಲ್ಲೆಂದರಲ್ಲಿ ಸುರಿಯುವಂತಿಲ್ಲ. ಕ್ರಮಬದ್ಧ ವಿಲೇವಾರಿ ಜಾಗಕ್ಕೆ ಸಾಗಿಸಬೇಕು. ಅಲ್ಲಿ ಹೂಳುವ ಪ್ರತಿ ಟನ್ನಿಗೂ ಸರಕಾರದ ತೆರಿಗೆಯುಂಟು. ಮಲಿನವಾದ ಭೂಮಿಯನ್ನು ಶುದ್ಧ ಮಾಡುವವರಿಗೆ ಆ ತೆರಿಗೆಯಿಂದ ವಿನಾಯಿತಿ ಇತ್ತು. ಆದರೆ 2012ರ ಮಾರ್ಚ್ ಕೊನೆಗೆ ವಿನಾಯಿತಿ ನಿಲ್ಲುವುದಿತ್ತು. ಗಡುವು ಹತ್ತಿರ ಬಂದಂತೆ ಅವರು ಸದಸ್ಯರಿಗೂ ಸಾರ್ವಜನಿಕರಿಗೂ ಒಂದು ಮನವಿ ಮಾಡಿದರು: ತಿಪ್ಪೆ ತೆಗೆಯಲು ತಲೆಗೆ 10 ಪೌಂಡ್ ಕೊಡಿ. ಸಾವಿರ ಕೊಡುವ ಒಬ್ಬನನ್ನು ಹುಡುಕುತ್ತ ಕೂರದೆ, ಹತ್ತು ಕೊಡುವ ನೂರು ಜನರ ಬಳಿ ಹೋದರು. ಸಹಕಾರದ ಬಗ್ಗೆ ನಾವು ಮಾಡುವ ಭಾಷಣಗಳಿಗಿಂತ ಆ 10 ಪೌಂಡಿನ ರಸೀದಿ ಹೆಚ್ಚು ಹೇಳುತ್ತದೆ.

ಇಲ್ಲಿಯೇ ಈ ಕಥೆಯ ಸೊಗಸಾದ ಭಾಗವಿದೆ. ಕಸವನ್ನು ಲಾರಿಗಳಲ್ಲಿ ಸಾಗಿಸಿದರೆ ಹಳ್ಳಿ ರಸ್ತೆಗಳ ಗತಿ ಏನು? ಅವರು ಈಸ್ಟ್ ಗ್ರಿನ್‌ಸ್ಟೆಡ್ ತುದಿಯಿಂದಲೇ ಹಳಿ ಹಾಕುತ್ತ, ಕಮಾನು ಸೇತುವೆಯನ್ನು ದಾಟಿ, ಕಸದ ಬೆಟ್ಟದ ಬುಡಕ್ಕೆ ತಂದರು. 2010ರ ಜುಲೈಯಿಂದ ಸರಕು ಗಾಡಿಗಳು ಅಲ್ಲಿಗೆ ಬಂದು ಕಸ ತುಂಬಿಕೊಂಡು ದೇಶದ ಮುಖ್ಯ ಮಾರ್ಗಕ್ಕೆ ಹೋದವು. ಅಂದರೆ, ಪ್ರಯಾಣಿಕರು ಬರುವ ಮೊದಲೇ ಆ ಜೋಡಣೆ ಕೆಲಸಕ್ಕೆ ಬಂತು. ಮತ್ತು ಬಂದದ್ದು ತನ್ನ ದಾರಿಯ ಅಡ್ಡಿಯನ್ನು ತಾನೇ ಹೊರಗೆ ಸಾಗಿಸುವ ಕೆಲಸಕ್ಕೆ! 2012ರ ಕೊನೆಯ ಹೊತ್ತಿಗೆ ಓಣಿ ತೆರವಾಯಿತು. 2013ರ ಮಾರ್ಚ್‌ನಲ್ಲಿ ಹಳಿಗಳು ಕೂಡಿದವು. ಮಾರ್ಚ್ 23ರಂದು ಈಸ್ಟ್ ಗ್ರಿನ್‌ಸ್ಟೆಡ್‌ಗೆ ಪ್ರಯಾಣಿಕರ ಗಾಡಿ ಓಡಿತು. ಲಂಡನ್ನಿನಿಂದ ರೈಲಿನಲ್ಲಿ ಬಂದವನು ಇಳಿದು ನಾಲ್ಕು ಹೆಜ್ಜೆ ನಡೆದರೆ ಈಗ ಬ್ಲೂಬೆಲ್ ನಿಲ್ದಾಣ. ಹೊರಗಿನಿಂದ ಪ್ರವಾಸದ ವಿಶೇಷ ಗಾಡಿಗಳೂ ಹಳಿಯ ಮೇಲೆಯೇ ಒಳಕ್ಕೆ ಬರಬಹುದು. 1963ರಲ್ಲಿ ಕಡಿದ ನಂಟು ಐವತ್ತನೆಯ ವರ್ಷದಲ್ಲಿ ಮತ್ತೆ ಬೆಸೆಯಿತು.

ಅವರು ಕಳೆದುಕೊಂಡದ್ದರಲ್ಲಿ ಹಳಿ ದೊಡ್ಡದಲ್ಲ, ಕಬ್ಬಿಣ ಎಲ್ಲಿಯಾದರೂ ಸಿಗುತ್ತದೆ. ದೊಡ್ಡದು ಜಾಗ. ಹಳಿ ಕಿತ್ತರೂ ಆ ಮಾರ್ಗದ ಪಟ್ಟಿಯನ್ನು ಯಾರಾದರೊಬ್ಬರ ಕೈಯಲ್ಲಿ ಒಟ್ಟಾಗಿ ಉಳಿಸಿದ್ದರೆ ಅರ್ಧಕ್ಕರ್ಧ ಕಾಲ ಉಳಿಯುತ್ತಿತ್ತು ಎಂಬುದು ಈ ಲೇಖಕನ ಅಭಿಪ್ರಾಯ. ಬೇರೆಡೆಯ ಒಂದು ನಿದರ್ಶನ ಇದಕ್ಕೆ ಪುಷ್ಟಿ ಕೊಡುತ್ತದೆ. ಡಾರ್ಸೆಟ್ ಸೀಮೆಯಲ್ಲಿ ವೇರ್‌ಹ್ಯಾಮ್‌ನಿಂದ ಕಡಲ ತೀರದ ಸ್ವಾನೇಜ್ ಪಟ್ಟಣಕ್ಕೆ 10 ಮೈಲಿನ ಕವಲು ಮಾರ್ಗವಿತ್ತು. 1972ರ ಜನವರಿಯಲ್ಲಿ ಅದನ್ನು ಮುಚ್ಚಿ, ಅದೇ ಬೇಸಗೆಯಲ್ಲಿ ಏಳು ವಾರದೊಳಗೆ ಆರೂವರೆ ಮೈಲು ಹಳಿ ಕಿತ್ತರು. ಆದರೆ ವೇರ್‌ಹ್ಯಾಮ್ ಕಡೆಯ ತುಂಡನ್ನು ಕೀಳಲಿಲ್ಲ. ಫರ್ಜ್‌ಬ್ರೂಕ್‌ನಿಂದ ಜೇಡಿಮಣ್ಣು, ಮುಂದೆ ಎಣ್ಣೆ ಸಾಗಿಸುವ ಸರಕು ಗಾಡಿಗಳಿಗೆ ಅದು ಬೇಕಿತ್ತು. ಸ್ವಯಂಸೇವಕರು ಸ್ವಾನೇಜ್ ಕಡೆಯಿಂದ ಅಡಿ ಅಡಿಯಾಗಿ ಹಳಿ ಹಾಕುತ್ತ ಬಂದು, 1995ರಲ್ಲಿ ಕಾರ್ಫ್ ಕೋಟೆಯ ಊರು ದಾಟಿ, 2002ರ ಜನವರಿಯಲ್ಲಿ ಆ ಉಳಿದ ತುಂಡಿಗೆ ಕೂಡಿಸಿದರು. ಅದೇ ಸೆಪ್ಟೆಂಬರ್‌ನಲ್ಲಿ ಮುಖ್ಯ ಮಾರ್ಗದಿಂದ ಗಾಡಿಯೂ ಬಂತು. ಸರಕು ಸಾಗಣೆಯೆಂಬ ಒಂದು ಸಣ್ಣ ಕೆಲಸ ಬದುಕಿಸಿಟ್ಟ ಮೋಟು ಕೊನೆಯಲ್ಲಿ ಹೊಸ ಕಸಿ ಹಿಡಿಯಿತು. ಕಾಫಿ ಗಿಡವನ್ನು ಮೋಟು ಕಡಿದು ಚಿಗುರಿಸಿದವರಿಗೆ ಇದನ್ನು ಹೆಚ್ಚು ವಿವರಿಸಬೇಕಿಲ್ಲ. ಬೇರಿದ್ದರೆ ಚಿಗುರು.

ನಂಟು ಕಡಿದರೆ ಜನಕ್ಕೆ ಏನಾಗುತ್ತದೆ ಎಂಬುದು ನಮ್ಮ ಸಕಲೇಶಪುರ, ಸುಬ್ರಹ್ಮಣ್ಯ, ಪುತ್ತೂರು ಕಡೆಯವರಿಗೆ ಗೊತ್ತು. 1979ರಲ್ಲಿ ಆರಂಭವಾದ ಹಾಸನ–ಮಂಗಳೂರು ಮಾರ್ಗವನ್ನು ಹಳಿಯ ಅಗಲ ಬದಲಿಸಲೆಂದು 1996ರಲ್ಲಿ ಮುಚ್ಚಿದರು. ಘಾಟಿಯಲ್ಲಿ ಸರಕು ಗಾಡಿ ಮತ್ತೆ ಓಡಿದ್ದು 2006ರಲ್ಲಿ; ಪ್ರಯಾಣಿಕರ ಗಾಡಿ 2007ರ ಡಿಸೆಂಬರ್‌ನಲ್ಲಿ. ಅಲ್ಲಿಯ ತನಕ ಶಿರಾಡಿಯ ಗುಂಡಿಗಳೇ ಗತಿ. ಅದು ಸರಕಾರದ ಕೆಲಸ, ಜಾಗ ಸರಕಾರದ ಕೈಯಲ್ಲೇ ಇತ್ತು, ಹಣವೂ ಇತ್ತು. ಆದರೂ ಹನ್ನೊಂದು ವರ್ಷ ಹಿಡಿಯಿತು. ಇದಕ್ಕೆ ಹೋಲಿಸಿದರೆ ರಜೆಯ ದಿನ ಸಲಿಕೆ ಹಿಡಿದು ಬಂದವರ ಐವತ್ತು ವರ್ಷ ಅಷ್ಟೇನೂ ಹೆಚ್ಚಲ್ಲ.

ಇನ್ನು, ಕೂಡಿದ ಮಾತ್ರಕ್ಕೆ ಎಲ್ಲ ಮುಗಿಯಿತೆಂದು ತಿಳಿಯುವವರೂ ಇದ್ದಾರೆ. ಸ್ವಾನೇಜ್‌ನವರು ಆ ಪಾಠವನ್ನು ದುಡ್ಡು ಕೊಟ್ಟು ಕಲಿತರು. ಹಳಿ ಕೂಡಿದ್ದು 2002ರಲ್ಲಿ. ಆದರೆ ವೇರ್‌ಹ್ಯಾಮ್‌ಗೆ ದಿನನಿತ್ಯದ ಗಾಡಿ ಓಡಿಸುವ ಮೊದಲ ಪ್ರಯೋಗ ನಡೆದದ್ದು 2017ರ ಬೇಸಗೆಯಲ್ಲಿ, 60 ದಿನ, ಅದೂ ಬಾಡಿಗೆಯ ಡೀಸೆಲ್ ಗಾಡಿಗಳಿಂದ. ತಮ್ಮ ಒಡೆತನದ ಹಳೆಯ ಡೀಸೆಲ್ ಗಾಡಿಗಳನ್ನು ಮುಖ್ಯ ಮಾರ್ಗದ ಕಟ್ಟುಪಾಡಿಗೆ ಒಗ್ಗುವಂತೆ ಸಿದ್ಧಪಡಿಸುವಷ್ಟರಲ್ಲಿ ವರ್ಷಗಳು ಕಳೆದು, ಎರಡನೆಯ ಪ್ರಯೋಗ 2023ರ ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗೆ ನಡೆಯಿತು. ಆ ಮೇಲೆ ಖರ್ಚು ಹೊರಲಾರದೆ ನಿತ್ಯದ ಗಾಡಿ ಮುಂದುವರಿಯಲಿಲ್ಲ. ತಮ್ಮ ಮಾರ್ಗದಲ್ಲಿ ಗಂಟೆಗೆ 25 ಮೈಲು ವೇಗದಲ್ಲಿ ಓಡಾಡುವ ಗಾಡಿ ಮುಖ್ಯ ಮಾರ್ಗಕ್ಕೆ ಕಾಲಿಡಬೇಕಾದರೆ ಚಾಲಕನಿಗೆ ಬೇರೆ ಪರೀಕ್ಷೆ, ಎಂಜಿನ್ನಿಗೆ ಅಪಾಯ ಬಂದಾಗ ತಾನಾಗಿ ಬ್ರೇಕು ಹಾಕುವ ಯಂತ್ರ, ಸಿಗ್ನಲ್ಲಿಗೆ ಸಿಗ್ನಲ್ ಹೊಂದಾಣಿಕೆ, ಬೋಗಿಬೋಗಿಗೂ ತಪಾಸಣೆ ಬೇಕು. ನಮ್ಮ ಕಣದಲ್ಲಿ ಒಣಗಿದ ಕಾಫಿ ನಮ್ಮ ಹಲ್ಲಿಗೆ ಕಟಕ್ ಎಂದರೆ ಸಾಲದು. ಕ್ಯೂರಿಂಗ್ ವರ್ಕ್ಸಿನ ತೇವಮಾಪಕವೂ ಒಣಗಿದೆ ಎನ್ನಬೇಕು.

ಹಾಗಾದರೆ ಕೂಡುವುದೇ ಬೇಡವೆ? ಬೇಡವೆನ್ನುವವರ ವಾದದಲ್ಲಿ ಹುರುಳಿದೆ. ಚಿಕ್ಕದನ್ನು ಚಿಕ್ಕದಾಗಿ ನಡೆಸಿದರೆ ಸದಸ್ಯನಿಗೆ ಕಣ್ಣಳತೆಯಲ್ಲಿ ಎಲ್ಲ ಕಾಣುತ್ತದೆ. ದೊಡ್ಡದರ ಜತೆ ಸೇರಿದರೆ ಅವರ ವೇಳಾಪಟ್ಟಿಗೆ ನಮ್ಮ ಗಡಿಯಾರ ತಿರುಗಿಸಬೇಕು. ಆದರೂ ನಾನು ಕೂಡಬೇಕೆನ್ನುವವರ ಪಕ್ಷ. ಧಾರಣೆ ನೆಲಕಚ್ಚಿದ ಕಾಲದಲ್ಲಿ, 1973ರಲ್ಲಿ, ಕರ್ನಾಟಕ ಮತ್ತು ಕೇರಳದ ಅಡಿಕೆ ಬೆಳೆಗಾರರು ಕೂಡಿ ಕ್ಯಾಂಪ್ಕೊ ಕಟ್ಟದೆ ಊರೂರಿನಲ್ಲಿ ಒಬ್ಬೊಬ್ಬರೇ ವ್ಯಾಪಾರಿಯ ಮುಂದೆ ನಿಂತಿದ್ದರೆ ಏನಾಗುತ್ತಿತ್ತೆಂದು ಹಿರಿಯರನ್ನು ಕೇಳಿ ನೋಡಿ. ಬ್ಲೂಬೆಲ್‌ನವರನ್ನು ನಾನು ಮೆಚ್ಚುವುದು ಅವರು ಕೂಡಿದ ರೀತಿಗಾಗಿ. ಕೂಡುವ ಮೊದಲು ಅರ್ಧ ಶತಮಾನ ತಮ್ಮ ಎಂಜಿನ್, ತಮ್ಮ ನಿಲ್ದಾಣ, ತಮ್ಮ ಹಳಿಯನ್ನು ತಮ್ಮ ಹಣದಲ್ಲಿ ನಿಲ್ಲಿಸಿಕೊಂಡರು. ಈಸ್ಟ್ ಗ್ರಿನ್‌ಸ್ಟೆಡ್‌ನಲ್ಲಿ ಸರಕಾರಿ ನಿಲ್ದಾಣದ ಒಳಗೆ ಒಂದು ಮೂಲೆ ಕೇಳಲಿಲ್ಲ. ಪಕ್ಕದಲ್ಲಿ ತಮ್ಮದೇ ನಿಲ್ದಾಣ ಕಟ್ಟಿದರು. ಆಚೆ ವಿದ್ಯುತ್ ರೈಲು ಅವರ ಪಾಡಿಗೆ, ಈಚೆ ಹೊಗೆಬಂಡಿ ಇವರ ಪಾಡಿಗೆ. ನಡುವೆ ಬೇಕಾದಾಗ ತೆರೆಯುವ ಹಳಿಯೊಂದು. ಸ್ವಾನೇಜ್‌ನವರು ಹೊತ್ತುಕೊಂಡಷ್ಟು ಭಾರವನ್ನು, ಅಂದರೆ ತಾವೇ ಮುಖ್ಯ ಮಾರ್ಗದಲ್ಲಿ ಗಾಡಿ ಓಡಿಸುವ ಭಾರವನ್ನು, ಅವರು ಹೊರಲಿಲ್ಲ. ತೋಟಕ್ಕೆ ಗೇಟು ಇಡುವುದಕ್ಕೂ ಬೇಲಿ ಕಿತ್ತು ಹಾಕುವುದಕ್ಕೂ ಇರುವ ವ್ಯತ್ಯಾಸ ಇದು.

ಇಂಥದೇ ಇನ್ನೊಂದು ಪ್ರಯತ್ನ ಲಫ್‌ಬರೋ ಪಟ್ಟಣದಲ್ಲಿ ನಡೆಯುತ್ತಿದೆ. ಅಲ್ಲಿ ಗ್ರೇಟ್ ಸೆಂಟ್ರಲ್ ಎಂಬ ಒಂದೇ ಹಳೆಯ ಮಾರ್ಗದ ಎರಡು ಹೋಳುಗಳು ಎರಡು ಸಂಸ್ಥೆಗಳ ಕೈಯಲ್ಲಿವೆ. ನಡುವೆ ಅರ್ಧ ಕಿಲೋಮೀಟರಿನಷ್ಟು ಅಂತರ. ಆ ಅಂತರದಲ್ಲಿ ದೇಶದ ಮುಖ್ಯ ರೈಲು ಮಾರ್ಗವೊಂದು ಅಡ್ಡ ಹಾದುಹೋಗುತ್ತದೆ. ಅದರ ಮೇಲೆ 2017ರಲ್ಲಿ ಸೇತುವೆ ಕೂರಿಸಿದ್ದಾಯಿತು. ಉಳಿದ ಅಂತರವನ್ನು ತುಂಬುವ ಕೆಲಸ ಆ ಮೇಲೂ ಹಣ ಕೂಡಿದಂತೆ ಸಾಗುವುದಾಯಿತು. ಅಲ್ಲಿಯೂ ಕತ್ತಿ ಆಡಿದ್ದು ಬೇಗ, ಸೂಜಿ ಆಡುವುದು ನಿಧಾನ.

ನಮ್ಮ ಸಂಘಗಳಲ್ಲಿ ಉಪಯೋಗವಿಲ್ಲವೆಂದು ಬಿದ್ದಿರುವ ಗೋದಾಮು, ಒಣಗಿಸುವ ಕಣ, ಹಳೆಯ ದಾರಿ ಇಂಥವುಗಳನ್ನು ಈ ವರ್ಷದ ಲೆಕ್ಕ ಸರಿದೂಗಿಸಲು ಮಾರಿಬಿಡೋಣ ಎಂಬ ಸಲಹೆ ಬಂದಾಗ, ಸದಸ್ಯರು ಇಂಬರ್‌ಹಾರ್ನ್ ಓಣಿಯನ್ನು ಒಮ್ಮೆ ನೆನೆಯಬೇಕೆಂದು ನನ್ನ ಕೋರಿಕೆ. ಮಾರಿದ ಬೆಲೆ ರಸೀದಿ ಪುಸ್ತಕದಲ್ಲಿ ಒಂದು ಸಾಲು. ಮರಳಿ ಪಡೆಯುವ ಬೆಲೆಯನ್ನು ಮಕ್ಕಳು ಕಟ್ಟಬೇಕಾಗುತ್ತದೆ. ಇಲ್ಲಿಯೂ ವಿವೇಚನೆ ಬೇಕು, ಬಿದ್ದಿರುವುದೆಲ್ಲ ಚಿನ್ನವಲ್ಲ. ಹೊರಗಿನ ರಸ್ತೆಗೋ ನೀರಿಗೋ ಮಾರುಕಟ್ಟೆಗೋ ನಮ್ಮನ್ನು ತಲುಪಿಸುವ ಜಾಗ ಯಾವುದು, ಸುಮ್ಮನೆ ಹುಲ್ಲು ಬೆಳೆಯುವ ಜಾಗ ಯಾವುದು ಎಂದು ಮೊದಲು ಬೇರ್ಪಡಿಸಬೇಕು. ತಲುಪಿಸುವ ಜಾಗವನ್ನು ಎಷ್ಟು ಬೆಲೆ ಬಂದರೂ ಕೊಡಬಾರದು ಎಂದೇ ಹೇಳುತ್ತೇನೆ.

ಬ್ಲೂಬೆಲ್‌ನವರಿಗೆ ಈಗಲೂ ಪೂರ್ತಿ ಸಮಾಧಾನವಾದಂತಿಲ್ಲ. 1963ರಲ್ಲಿ ಕಳೆದುಕೊಂಡ ಆ ಮೊದಲ ಕವಲಿನ ಮೇಲೆ, ಅಂದರೆ ಪಶ್ಚಿಮದ ಆರ್ಡಿಂಗ್ಲಿ ಕಡೆಗೆ, ಅವರ ಕಣ್ಣಿದೆ. ಆ ದಾರಿಯಲ್ಲಿ ಕೆಡವಿಹಾಕಿದ ಒಂದು ಕಮಾನು ಸೇತುವೆಯ ಬದಲಿಗೆ ಹೊಸದೊಂದನ್ನು ಕಟ್ಟಬೇಕು. ಒಂದು ಸುರಂಗವನ್ನು ದಾಟಬೇಕು. ಆರ್ಡಿಂಗ್ಲಿಯಲ್ಲಿ ಜಲ್ಲಿ ಇಳಿಸುವ ಸರಕು ಗಾಡಿಗಳಿಗಾಗಿ ಸರಕಾರಿ ಹಳಿಯ ಒಂದು ತುಂಡು ಮಾತ್ರ ಕೀಳದೆ ಉಳಿದಿದೆ.